ಅದೇ ಬೆಕ್ಕಾ, ಬೇರೆ ಬೆಕ್ಕಾ?

ಕಳೆದ ಸಂಚಿಕೆಯ ಸಮಸ್ಯೆ: ಸೋದರತ್ತೆ ತಮ್ಮ ಉಯಿಲಿನಲ್ಲಿ, ಮೂರು ಬಣ್ಣದ ಬೆಕ್ಕು ಬದುಕಿರುವವರೆಗೆ ಅದನ್ನು ನೋಡಿಕೊಳ್ಳುವ ನನ್ನ ಅಣ್ಣ ಅವರ ಮನೆಯಲ್ಲಿರಬಹುದು, ಆಮೇಲೆ ಮನೆ ಇಬ್ಬರಿಗೂ ಸಮಪಾಲು ಎಂದು ಬರೆದಿದ್ದಾರೆ. ಬೆಕ್ಕಿಗೀಗ 17 ವರ್ಷ. ಮೂಲೆ ಹಿಡಿದು ಮಲಗಿರುತ್ತಿದ್ದ ಅದು ಈಚೆಗೆ ಬೀರುವಿನ ಮೇಲೆ ಹಾರುತ್ತದೆ, ಹೊಟ್ಟೆಬಾಕನ ಹಾಗೆ ತಿನ್ನುತ್ತದೆ. ಅಣ್ಣ ಬೆಕ್ಕನ್ನೇ ಬದಲಾಯಿಸಿದನಾ?

*

ಅಣ್ಣನನ್ನು ಕೇಳುವ ಮೊದಲು ಹಳೇ ಫೋಟೊ ಹುಡುಕಿ. ಮೂರು ಬಣ್ಣದ ಬೆಕ್ಕಿಗೆ ಜೋಡಿ ಸಿಗುವುದು ಸುಲಭದ ಮಾತಲ್ಲ. ಕಪ್ಪೆಲ್ಲಿ, ಕೇಸರಿಯೆಲ್ಲಿ ಅನ್ನುವುದು ತಾಯಿಯ ಹೊಟ್ಟೆಯಲ್ಲೇ ನಿರ್ಧಾರವಾಗುತ್ತದೆ. ಕೇಸರಿಯೋ ಅಲ್ಲವೋ ಅನ್ನುವ ಸೂಚನೆ ಇರುವುದು ಎಕ್ಸ್ ಕ್ರೋಮೋಸೋಮ್‌ನಲ್ಲಿ. ಹೆಣ್ಣಿನ ಒಂದೊಂದು ಜೀವಕೋಶವೂ ತನ್ನ ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಒಂದನ್ನು ಸುಮ್ಮನಾಗಿಸುತ್ತದೆ, ಯಾವುದನ್ನು ಅನ್ನುವುದಕ್ಕೆ ಲೆಕ್ಕವಿಲ್ಲ. (ಇಂಥ ಬೆಕ್ಕುಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ. ಈಗಿರುವುದು ಗಂಡಾಗಿದ್ದರೆ ಮಾತು ಅಲ್ಲಿಗೇ ಮುಗಿಯಿತು.) 2001ರಲ್ಲಿ ಮೊದಲ ತದ್ರೂಪಿ ಬೆಕ್ಕು ಹುಟ್ಟಿತಲ್ಲ, ಅದರ ಮೂಲ ಬೆಕ್ಕಿಗೆ ಮೂರು ಬಣ್ಣವಿತ್ತು. ಮರಿಗೆ ಕೇಸರಿ ಬರಲೇ ಇಲ್ಲ! ಪ್ರಯೋಗಾಲಯದಲ್ಲೇ ಆಗದ ಕೆಲಸವನ್ನು ನಿಮ್ಮ ಅಣ್ಣ ಹೇಗೆ ಮಾಡಿಯಾರು? ಗಲ್ಲದ ಮಚ್ಚೆ ನೋಡಿ, ಅಂಗಾಲು ನೋಡಿ. ಒಂದು ಮೆತ್ತೆ ಗುಲಾಬಿ, ಪಕ್ಕದ್ದು ಕಪ್ಪು, ಇನ್ನೊಂದು ಅರ್ಧರ್ಧ ಹೀಗಿರುತ್ತದೆ. ಅತ್ತೆಯ ತೊಡೆ ಮೇಲೆ ಕಾಲು ಚಾಚಿ ಮಲಗಿದ ಒಂದು ಫೋಟೊ ಸಿಕ್ಕರೂ ಸಾಕು.
– ಬೆಕ್ಕು ಸಾಕಿದ ಓದುಗಿ

*

ಬೆಕ್ಕಿಗೆ ಆಸ್ತಿ ಬರೆಯೋಕೆ ಆಗುವುದಿಲ್ಲ. ಕಾನೂನಿನ ಕಣ್ಣಿಗೆ ಅದೇ ಒಂದು ಸ್ವತ್ತು. ನಿಮ್ಮ ಅತ್ತೆ ನೋಡಿಕೊಳ್ಳುವವರಿಗೆ ಹಕ್ಕು ಕೊಟ್ಟಿದ್ದಾರೆ, ಜಾಣತನದ ಕೆಲಸ. ಅಮೆರಿಕದ ಹೋಟೆಲ್ ಒಡತಿ ಲಿಯೋನಾ ಹೆಲ್ಮ್‌ಸ್ಲಿ 2007ರಲ್ಲಿ ತೀರಿಕೊಂಡಾಗ ನಾಯಿಯ ಆರೈಕೆಗೆಂದು 1.2 ಕೋಟಿ ಡಾಲರ್ ಬಿಟ್ಟಿದ್ದರು. ಅಷ್ಟು ಬೇಡ ಅಂತ ನ್ಯಾಯಾಧೀಶರು ಅದನ್ನು 20 ಲಕ್ಷಕ್ಕೆ ಇಳಿಸಿದರು. ನಿಮ್ಮಲ್ಲಿ ಅಂಥ ಜಗಳಕ್ಕೆ ಜಾಗವೇ ಇಲ್ಲ. ವರ್ಷಕ್ಕೊಮ್ಮೆ ಪಶುವೈದ್ಯರ ಪತ್ರ ಕೊಡುವಂತೆ ಅಣ್ಣನ ಜೊತೆ ಮಾತಾಡಿಕೊಳ್ಳಿ. ಅನುಮಾನ ಅಂತ ಹೇಳಬೇಡಿ, ದಾಖಲೆ ಇರಲಿ ಅನ್ನಿ.
– ವಕೀಲ ಓದುಗ

*

ಫೋಟೊ, ಪತ್ರ ಎಲ್ಲ ಆಮೇಲೆ. ಆ ಬೆಕ್ಕು ಅದೇ ಅಂತ ನನಗನ್ನಿಸುತ್ತದೆ, ಅದಕ್ಕೆ ಹುಷಾರಿಲ್ಲ ಅಂತಲೂ ಅನ್ನಿಸುತ್ತದೆ. ವಯಸ್ಸಾದ ಬೆಕ್ಕು ಇದ್ದಕ್ಕಿದ್ದ ಹಾಗೆ ಮರಿಯಂತಾಗಿ ಓಡಾಡಿದರೆ ಮನೆಯವರು ಖುಷಿಪಡುತ್ತಾರೆ. ನಾವು ಪಶುವೈದ್ಯರು ಕುತ್ತಿಗೆ ಮುಟ್ಟಿ ನೋಡುತ್ತೇವೆ. ಗಂಟಲಿನ ಥೈರಾಯ್ಡ್ ಗ್ರಂಥಿ ದಪ್ಪಗಾಗಿ ಹಾರ್ಮೋನ್ ಜಾಸ್ತಿ ಸುರಿಸುವುದು ಮುದಿ ಬೆಕ್ಕುಗಳಲ್ಲಿ ತೀರಾ ಮಾಮೂಲಿ ಕಾಯಿಲೆ. ಹಸಿವು ಜೋರು, ಆದರೆ ಮೈ ಇಳಿಯುತ್ತದೆ. ರಾತ್ರಿ ಸುಮ್ಸುಮ್ನೆ ಕೂಗುತ್ತದೆ, ನೀರು ಜಾಸ್ತಿ ಕುಡಿಯುತ್ತದೆ, ಕೂದಲು ಜಿಡ್ಡುಜಿಡ್ಡಾಗಿ ಗುಂಪುಕಟ್ಟುತ್ತದೆ. ಎದೆ ಮೇಲೆ ಕೈಯಿಟ್ಟರೆ ಬಡಿತ ಎಣಿಸೋಕೇ ಆಗದಷ್ಟು ವೇಗ. ಬೆನ್ನ ಮೇಲೆ ಕೈಯಾಡಿಸಿ, ಮೂಳೆ ಸಿಗುತ್ತದಾ ನೋಡಿ. ಸಿಕ್ಕರೆ ತಡಮಾಡಬೇಡಿ, ಹಾಗೇ ಬಿಟ್ಟರೆ ಹೃದಯ ಸೋಲುತ್ತದೆ. ಟಿ4 ಎಂಬ ರಕ್ತಪರೀಕ್ಷೆಯಲ್ಲಿ ಹೆಚ್ಚಾಗಿ ಗೊತ್ತಾಗಿಬಿಡುತ್ತದೆ. ದಿನಾ ಮಾತ್ರೆ ಕೊಟ್ಟರೆ ಚೆನ್ನಾಗಿ ಹಿಡಿತಕ್ಕೆ ಬರುತ್ತದೆ. ಹೋದಾಗ ಮೈಕ್ರೋಚಿಪ್, ಅಂದರೆ ಚರ್ಮದಡಿ ಇಡುವ ಗುರುತಿನ ಚಿಪ್, ಇದೆಯಾ ಅಂತಲೂ ಸ್ಕ್ಯಾನ್ ಮಾಡಿಸಿ. ಅದರ 15 ಅಂಕಿಯ ಸಂಖ್ಯೆ ಅತ್ತೆಯ ಕಾಗದಪತ್ರದಲ್ಲಿರುವುದಕ್ಕೆ ಹೊಂದಿದರೆ ನಿಮ್ಮ ಪ್ರಶ್ನೆಗೂ ಉತ್ತರ ಸಿಕ್ಕಿತು. ಅಣ್ಣನನ್ನೂ ಕರೆದುಕೊಂಡೇ ಹೋಗಿ. ರಕ್ತ ತೆಗೆಯುವಾಗ ಹಿಡಿದುಕೊಳ್ಳೋಕೆ ಅದಕ್ಕೆ ಪರಿಚಯದ ಕೈ ಬೇಕು.
– ನಿವೃತ್ತ ಪಶುವೈದ್ಯೆ