ಅಪ್‌ಡೇಟ್: ಆಪರೇಷನ್ ಆದಮೇಲಿನ ಸಿಇಎ ಮತ್ತು ಸಿಎ 19-9

ಹೊಟ್ಟೆಯ (ಜಠರದ) ಕ್ಯಾನ್ಸರ್ ಆಪರೇಷನ್ ಆಗಿ ಎರಡು ವಾರಕ್ಕೆ ಅಪ್ಪನ ಸಿಇಎ (ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಒಂದು ಅಂಶ, ಅಂದರೆ ಮಾರ್ಕರ್) 9 ಬಂದಿತ್ತು, ಗಡ್ಡೆ ಉಳಿದಿದೆಯೇ ಎಂದು ಕೇಳಿದ್ದೆ. ಆರನೇ ವಾರಕ್ಕೆ ಸಹಜ ಮಟ್ಟಕ್ಕೆ, 3.2ಕ್ಕೆ ಇಳಿದಿದೆ.

ಆಪರೇಷನ್‌ಗೆ ಮುಂಚೆ 38 ಇತ್ತು. ರಕ್ತದಲ್ಲಿ ಸಿಇಎ ಅರ್ಧಕ್ಕಿಳಿಯಲು ಸುಮಾರು 3ರಿಂದ 7 ದಿನ ಬೇಕು, ಹಾಗಾಗಿ ಎರಡು ವಾರಕ್ಕೆ ನೋಡಿದ ಅಂಕಿ ಹಳೆಯದರ ಉಳಿಕೆ. 4–6 ವಾರ ಬಿಟ್ಟು ಮಾಡಿಸಿದ್ದನ್ನೇ ಮುಂದಿನ ಹೋಲಿಕೆಗೆ ಆಧಾರ ಮಾಡಿಕೊಳ್ಳಿ. ಪ್ರತಿ ಸಲ ಅದೇ ಲ್ಯಾಬ್, ಅದೇ ವಿಧಾನ ಇರಲಿ. ಯಂತ್ರ ಬದಲಾದರೆ ಅಂಕಿಯೂ ಬದಲಾಗುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಸಿಇಎ ತುಸು ಹೆಚ್ಚೇ ಇರುತ್ತದೆ. ಬಯೋಟಿನ್ (ಒಂದು ವಿಟಮಿನ್) ಮಾತ್ರೆ ಕೆಲವು ಯಂತ್ರಗಳಲ್ಲಿ ಫಲಿತಾಂಶ ಕೆಡಿಸುತ್ತದೆ, ಲ್ಯಾಬಿನವರಿಗೆ ಮೊದಲೇ ಹೇಳಿ.

ಇನ್ನೊಂದು ಮಾರ್ಕರ್ ಸಿಎ 19-9 ಮಾತ್ರ 52 ಇದೆ (ಮಿತಿ 37). ಸ್ಕ್ಯಾನಿನಲ್ಲಿ ಪಿತ್ತನಾಳದಲ್ಲಿ ಕಲ್ಲು ಕಂಡಿದೆ. ಪಿತ್ತ ಕಟ್ಟಿದರೆ ಈ ಅಂಕಿ ಏರುವುದುಂಟು, ಜಠರ ತೆಗೆದವರಲ್ಲಿ ಪಿತ್ತಕಲ್ಲು ಸಾಮಾನ್ಯವೂ ಹೌದು. ಕಲ್ಲು ತೆಗೆದ ಮೇಲೆ ಮತ್ತೆ ನೋಡಬೇಕು. ಕೆಲವರ ದೇಹ ಸಿಎ 19-9 ತಯಾರಿಸುವುದೇ ಇಲ್ಲ. ಅಂಥವರಲ್ಲಿ ಕಡಿಮೆ ಅಂಕಿ ನಂಬಿ ಕೂರುವಂತಿಲ್ಲ.

ಆಪರೇಷನ್‌ಗೆ ಮುಂಚೆ ಮಾರ್ಕರ್ ಹೆಚ್ಚಿದ್ದರೆ ಮರುಕಳಿಸುವ ಸಾಧ್ಯತೆ ಹೆಚ್ಚು ಎನ್ನುವುದು ನಿಜ. ಆದರೆ ಮುನ್ಸೂಚನೆಗೆ ಆಪರೇಷನ್‌ನಲ್ಲಿ ತೆಗೆದ ಭಾಗದ ಬಯಾಪ್ಸಿ ರಿಪೋರ್ಟೇ ಮುಖ್ಯ: ಗಡ್ಡೆ ಎಷ್ಟು ಆಳಕ್ಕಿಳಿದಿತ್ತು, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲವೇ, ಕನಿಷ್ಠ 16 ದುಗ್ಧಗ್ರಂಥಿ (ಲಿಂಫ್ ನೋಡ್) ಪರೀಕ್ಷಿಸಿದ್ದಾರೆಯೇ, ಎಷ್ಟರಲ್ಲಿ ಕ್ಯಾನ್ಸರ್ ಇತ್ತು. ಮಾರ್ಕರ್ ಸಹಜವಿದ್ದೂ ಕಾಯಿಲೆ ಮರಳಬಹುದು, ಅದಕ್ಕೇ ಸ್ಕ್ಯಾನ್ ಬಿಡುವಂತಿಲ್ಲ. ಒಂದು ಸಲ ಏರಿದರೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿ. ಸತತ ಏರಿದರೆ ಸಿಟಿ ಸ್ಕ್ಯಾನ್ ತಡಮಾಡಬೇಡಿ.