ಮೂರೇ ದಿನಕ್ಕೆ ಮುಗಿಯುವ ಬಾಟಲಿ: ಮಕ್ಕಳ ಆಂಟಿಬಯೋಟಿಕ್ ಸಿರಪ್ ಕುರಿತು ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮೂರು ವರ್ಷದ ಮಗಳಿಗೆ ಕಿವಿನೋವು ಮತ್ತು ಜ್ವರ ಬಂದಿದ್ದರಿಂದ ಮಕ್ಕಳ ವೈದ್ಯರು ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಸೇರಿದ ಡ್ರೈ ಸಿರಪ್ ಬರೆದುಕೊಟ್ಟಿದ್ದಾರೆ. ಚೀಟಿಯಲ್ಲಿ ‘228.5, 5 ಮಿ.ಲೀ., ದಿನಕ್ಕೆ ಎರಡು ಬಾರಿ, 5 ದಿನ’ ಎಂದಿದೆ. ಮೆಡಿಕಲ್ ಶಾಪಿನಲ್ಲಿ ಪುಡಿ ಇರುವ 30 ಮಿ.ಲೀ. ಬಾಟಲಿಯನ್ನೂ ಅದರ ಜೊತೆಗೆ ನೀರಿನ ಒಂದು ಸಣ್ಣ ಪ್ಲಾಸ್ಟಿಕ್ ಸೀಸೆಯನ್ನೂ ಕೊಟ್ಟರು. ಕಾಯಿಸಿ ಆರಿಸಿದ ನೀರನ್ನು ಬಾಟಲಿಯ ಕತ್ತಿನವರೆಗೆ ತುಂಬಿದರೆ ಸಾಕೆಂದು ನಮ್ಮ ಅತ್ತೆಯವರು ಹೇಳುತ್ತಾರೆ. ದೊಡ್ಡ ಮಗನಿಗೆಂದು ಹಿಂದೆ ತಂದಿದ್ದ ಅದೇ ಕಂಪನಿಯ, ಇನ್ನೂ ತೆರೆಯದ ಒಂದು ಬಾಟಲಿಯೂ ಮನೆಯಲ್ಲಿದೆ; ಅದರ ಮೇಲೆ 457 ಎಂದಿದೆ. ಅದನ್ನೂ ಬಳಸಬಹುದೇ?

ಉತ್ತರ (ಮಕ್ಕಳ ಆಸ್ಪತ್ರೆಯೊಂದರ ಫಾರ್ಮಾಸಿಸ್ಟ್): ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚಿನ ಅಪಾಯ ಇರುವುದು ಅಲ್ಲಿ. ಬಾಟಲಿಯ ಮೇಲಿನ ಸಂಖ್ಯೆ ಕಂಪನಿಯ ಗುರುತಲ್ಲ; ಕಲಸಿದ ಮೇಲೆ ಪ್ರತಿ 5 ಮಿ.ಲೀ.ನಲ್ಲಿ ಎಷ್ಟು ಮಿಲಿಗ್ರಾಂ ಔಷಧ ಇರುತ್ತದೆ ಎಂಬುದನ್ನು ಅದು ಹೇಳುತ್ತದೆ. 228.5ರಲ್ಲಿ 200 ಮಿ.ಗ್ರಾಂ. ಅಮಾಕ್ಸಿಸಿಲಿನ್ ಮತ್ತು 28.5 ಮಿ.ಗ್ರಾಂ. ಕ್ಲಾವುಲನೇಟ್ ಇರುತ್ತದೆ, 457ರಲ್ಲಿ 400 ಮತ್ತು 57. ಆದ್ದರಿಂದ ಮಗನ ಬಾಟಲಿಯಿಂದ 5 ಮಿ.ಲೀ. ಕೊಟ್ಟರೆ ಮಗಳಿಗೆ ಪ್ರತಿ ಬಾರಿಯೂ ದುಪ್ಪಟ್ಟು ಔಷಧ ಹೋಗುತ್ತದೆ. ಹಾಗಾದರೆ 2.5 ಮಿ.ಲೀ. ಕೊಟ್ಟರಾಯಿತು ಎಂದು ನಿಮಗೆ ಅನ್ನಿಸಬಹುದು. ಲೆಕ್ಕವೇನೋ ಸರಿಯೇ, ಆದರೆ ಚೀಟಿಯಲ್ಲಿ ಒಂದು ಅಳತೆ, ಕೈಯಲ್ಲಿ ಇನ್ನೊಂದು ಬಾಟಲಿ, ರಾತ್ರಿಯ ಡೋಸ್ ಕೊಡುವವರು ಮನೆಯ ಮತ್ತೊಬ್ಬರು ಎಂದಾದಾಗಲೇ ಎಡವಟ್ಟುಗಳು ಆಗುವುದು. ಚೀಟಿಯಲ್ಲಿರುವ ಸಂಖ್ಯೆಯ ಬಾಟಲಿಯನ್ನೇ ಬಳಸಿ. ಅಂಗಡಿಯಲ್ಲಿ ಅದು ಸಿಗದೆ ಬೇರೆ ಸಂಖ್ಯೆಯದನ್ನು ಕೊಟ್ಟರೆ, ವೈದ್ಯರಿಗೆ ಫೋನ್ ಮಾಡಿಸಿ, ಹೊಸ ಅಳತೆಯನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ಕಂಪನಿಯ ಹೆಸರಿನ ಮುಂದೆ ಸೇರಿಸುವ ‘ಫೋರ್ಟೆ’, ‘ಡಿಎಸ್’ ಮುಂತಾದ ಪದಗಳೂ ಸಾಮಾನ್ಯವಾಗಿ ಇಂಥ ಹೆಚ್ಚಿನ ಪ್ರಮಾಣವನ್ನೇ ಸೂಚಿಸುತ್ತವೆ.

ಇನ್ನು ನೀರಿನ ವಿಷಯ. ಈ ಔಷಧ ದ್ರವರೂಪದಲ್ಲಿ ಹೆಚ್ಚು ದಿನ ಉಳಿಯುವುದಿಲ್ಲವಾದ್ದರಿಂದ ಪುಡಿಯಾಗಿ ಬರುತ್ತದೆ. ಅಂದರೆ ಅದರ ತಯಾರಿಕೆಯ ಕೊನೆಯ ಹಂತ ನಡೆಯುವುದು ನಿಮ್ಮ ಅಡುಗೆಮನೆಯಲ್ಲಿ. ಜೊತೆಗೆ ಬಂದಿರುವ ಸ್ಟೆರೈಲ್ ನೀರನ್ನೇ ಬಳಸಿ. ಅದು ಬಾರದಿದ್ದರೆ ಮಾತ್ರ ಕುದಿಸಿ ಪೂರ್ತಿಯಾಗಿ ಆರಿಸಿದ ನೀರು ಆಗಬಹುದು. ಬಿಸಿ ನೀರು ಬೇಡವೇ ಬೇಡ. ಮೊದಲು ಬಾಟಲಿಯನ್ನು ತಟ್ಟಿ, ತಳದಲ್ಲಿ ಗಟ್ಟಿಯಾಗಿ ಕೂತ ಪುಡಿಯನ್ನು ಸಡಿಲಿಸಿಕೊಳ್ಳಿ. ಸ್ವಲ್ಪ ನೀರು ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಿ. ನೊರೆ ಇಳಿಯುವವರೆಗೆ ಕಾಯ್ದು, ಬಾಟಲಿ ಅಥವಾ ಲೇಬಲ್ಲಿನ ಗೆರೆ ಇಲ್ಲವೇ ಬಾಣದ ಗುರುತಿನವರೆಗೆ ಉಳಿದ ನೀರನ್ನು ಸೇರಿಸಿ ಮತ್ತೊಮ್ಮೆ ಕುಲುಕಿ. ನೊರೆಯಿರುವಾಗಲೇ ಗೆರೆಯನ್ನು ನೋಡಿದರೆ ನೀರು ಕಡಿಮೆ ಬಿದ್ದು ಔಷಧ ಗಟ್ಟಿಯಾಗುತ್ತದೆ. ಅತ್ತೆಯವರು ಹೇಳಿದಂತೆ ಕತ್ತಿನವರೆಗೆ ತುಂಬಿದರೆ ತೆಳುವಾಗುತ್ತದೆ. 30 ಮಿ.ಲೀ. ಎಂಬುದು ಸೇರಿಸಬೇಕಾದ ನೀರಿನ ಅಳತೆಯಲ್ಲ, ಪುಡಿ ಮತ್ತು ನೀರು ಸೇರಿ ಆಗುವ ಒಟ್ಟು ಅಳತೆ. ಧೈರ್ಯ ಸಾಲದಿದ್ದರೆ ಅಂಗಡಿಯಲ್ಲೇ, ನಿಮ್ಮೆದುರಿಗೇ ಕಲಸಿಕೊಡಲು ಕೇಳಿ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ, ಅದು ನಮ್ಮ ಕೆಲಸವೇ.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ಸಂಗತಿ ಇದೆ. ದಿನಕ್ಕೆ 10 ಮಿ.ಲೀ.ನಂತೆ 30 ಮಿ.ಲೀ. ಬಾಟಲಿ ಮೂರೇ ದಿನಕ್ಕೆ ಮುಗಿಯುತ್ತದೆ. 5 ದಿನಕ್ಕೆ 50 ಮಿ.ಲೀ. ಬೇಕು, ಅಂದರೆ ಎರಡು ಬಾಟಲಿ. ಮೂರನೆಯ ದಿನ ಜ್ವರವೂ ಇಳಿದು ಬಾಟಲಿಯೂ ಖಾಲಿಯಾದಾಗ ಕೋರ್ಸ್ ಮುಗಿಯಿತೆಂದು ನಂಬುವವರು ಬಹಳ ಮಂದಿ. ಅವರನ್ನು ದೂರುವಂತಿಲ್ಲ, ಬಾಟಲಿಯೇ ಹಾಗೆ ನಂಬಿಸುತ್ತದೆ. ಎರಡನೆಯ ಬಾಟಲಿಯನ್ನು ಇಂದೇ ತಂದಿಟ್ಟುಕೊಳ್ಳಿ, ಆದರೆ ಮೊದಲನೆಯದು ಮುಗಿಯುವವರೆಗೆ ಅದಕ್ಕೆ ನೀರು ಸೇರಿಸಬೇಡಿ.

ಮರುಪ್ರಶ್ನೆ (ಅದೇ ತಾಯಿ): ತುಂಬಾ ಧನ್ಯವಾದ ಮೇಡಂ. ಅಳತೆಗೆ ಊಟದ ಚಮಚ ಸಾಕೇ? ಅವಳು ಬಾಯಿ ತೆರೆಯುವುದೇ ಇಲ್ಲ. ಅತ್ತೆಯವರು ಒಳಲೆಯಲ್ಲಿ ಹಾಕಿ, ಮೂಗು ಹಿಡಿದು ಕುಡಿಸೋಣ ಎನ್ನುತ್ತಿದ್ದಾರೆ.

ಉತ್ತರ: ಮೂಗು ಹಿಡಿಯುವುದನ್ನು ದಯವಿಟ್ಟು ಮಾಡಬೇಡಿ. ಮಗು ಉಸಿರಿಗಾಗಿ ಬಾಯಿ ತೆರೆದು ಎಳೆದುಕೊಳ್ಳುವ ಕ್ಷಣದಲ್ಲೇ ಔಷಧ ಒಳಗೆ ಬಿದ್ದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಮನೆಯ ಚಮಚಗಳು ಒಂದೊಂದೂ ಒಂದೊಂದು ಗಾತ್ರದವು, ಆದ್ದರಿಂದ ಅವುಗಳನ್ನು ನಂಬುವಂತಿಲ್ಲ. ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ಅತ್ಯುತ್ತಮ, ಅದರ ತುದಿಗೆ ಸಣ್ಣ ಮುಚ್ಚಳವಿದ್ದರೆ ಮೊದಲೇ ತೆಗೆದು ಎಸೆಯಿರಿ, ಅದು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳವೂ ನಡೆಯುತ್ತದೆ, ಆದರೆ ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಬೇಕು.

ಒಳಲೆಯನ್ನು ನಾನು ಬೇಡವೆನ್ನುವುದಿಲ್ಲ. ಅದಕ್ಕೆ ಒಗ್ಗಿಕೊಂಡ ಮಕ್ಕಳು ಸಲೀಸಾಗಿ ಕುಡಿಯುತ್ತಾರೆ. ಅದರಲ್ಲಿ ಅಳತೆಯ ಗುರುತಿಲ್ಲ ಎಂಬುದಷ್ಟೇ ತೊಡಕು. ಹಾಗಾಗಿ ಸಿರಿಂಜಿನಲ್ಲಿ ಅಳೆದು ಒಳಲೆಗೆ ಹಾಕಿ, ಕುಡಿಸಿದ ಮೇಲೆ ಒಂದೆರಡು ಚಮಚ ನೀರಿನಲ್ಲಿ ಅದನ್ನು ಕಲಕಿ ಆ ನೀರನ್ನೂ ಕುಡಿಸಿ. ಇಲ್ಲವಾದರೆ ಔಷಧದ ಒಂದಷ್ಟು ಭಾಗ ಒಳಲೆಯ ಗೋಡೆಯಲ್ಲೇ ಉಳಿದುಬಿಡುತ್ತದೆ. ಮಗುವನ್ನು ಮಲಗಿಸದೆ ನೇರವಾಗಿ ಕೂರಿಸಿಕೊಂಡು, ಸಿರಿಂಜಿನ ತುದಿಯನ್ನು ಕೆನ್ನೆಯ ಒಳಬದಿಗೆ ಇಟ್ಟು, ನುಂಗಲು ಬಿಡುವು ಕೊಡುತ್ತಾ ಸ್ವಲ್ಪಸ್ವಲ್ಪವೇ ಬಿಡಿ. ಒಪ್ಪದಿದ್ದರೆ ಒಂದು ಚಮಚ ಗಂಜಿಯಲ್ಲೋ ಕಿವುಚಿದ ಬಾಳೆಹಣ್ಣಿನಲ್ಲೋ ಬೆರೆಸಿ ಆಗಲೇ ಪೂರ್ತಿ ತಿನ್ನಿಸಬಹುದು. ಲೋಟದ ತುಂಬ ಹಾಲಿಗೆ ಹಾಕಿದರೆ, ಅವಳು ಅರ್ಧ ಕುಡಿದು ಬಿಟ್ಟಾಗ ಔಷಧ ಎಷ್ಟು ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಜೇನುತುಪ್ಪವನ್ನು ನಿಮ್ಮ ಮಗಳಿಗೆ ಕೊಡಬಹುದು. ಒಂದು ವರ್ಷ ತುಂಬದ ಕೂಸುಗಳಿಗೆ ಮಾತ್ರ ಕೊಡಲೇಬಾರದು.

ಪ್ರತಿ ಸಲವೂ ಕುಲುಕಿಯೇ ಅಳೆಯಬೇಕು. ಔಷಧ ತಳದಲ್ಲಿ ಕೂರುವುದರಿಂದ, ಕುಲುಕದೆ ಕೊಟ್ಟರೆ ಆರಂಭದ ಡೋಸ್‌ಗಳಲ್ಲಿ ಔಷಧ ಕಡಿಮೆಯಾಗಿ ಕೊನೆಯವುಗಳಲ್ಲಿ ಹೆಚ್ಚಾಗುತ್ತದೆ.

ಇನ್ನೊಬ್ಬರ ಪ್ರಶ್ನೆ: ನಮ್ಮದು ಹಳ್ಳಿ, ಮನೆಯಲ್ಲಿ ಫ್ರಿಜ್ ಇಲ್ಲ. ನನ್ನ ಮಗನಿಗೂ ಇದೇ ಔಷಧ ಬರೆದಿದ್ದಾರೆ. ಮಡಕೆಯ ನೀರಿನಲ್ಲಿ ಇಟ್ಟರೆ ಆದೀತೇ?

ಉತ್ತರ: ಈ ಔಷಧಕ್ಕೆ ಅದು ಸಾಲದು. ಕಲಸಿದ ಮೇಲೆ ಇದನ್ನು ಫ್ರಿಜ್ಜಿನೊಳಗೆ, ಫ್ರೀಜರ್ ಅಲ್ಲದ ಭಾಗದಲ್ಲಿ ಇಡಬೇಕು. ಲೇಬಲ್ ನಮೂದಿಸಿದ ಅವಧಿಯೊಳಗೆ, ಸಾಮಾನ್ಯವಾಗಿ 7 ದಿನದಲ್ಲಿ, ಬಳಸಿ ಮುಗಿಸಬೇಕು. ಇದರಲ್ಲಿರುವ ಕ್ಲಾವುಲನೇಟ್ ತೇವ ಮತ್ತು ಶಾಖಕ್ಕೆ ಬೇಗ ಕೆಡುತ್ತದೆ, ಕೆಟ್ಟದ್ದು ನೋಟದಲ್ಲಿ ತಿಳಿಯುವುದೂ ಇಲ್ಲ. ನೆರೆಮನೆಯ ಫ್ರಿಜ್ಜಿನಲ್ಲಿ ಇಡಲು ಸಾಧ್ಯವಾದರೆ ಒಳ್ಳೆಯದು, ಇಲ್ಲದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಫ್ರಿಜ್ ಬೇಡದ ಆಂಟಿಬಯೋಟಿಕ್‌ಗಳೂ ಇವೆ; ಕ್ಲಾರಿಥ್ರೊಮೈಸಿನ್ ಸಿರಪ್ಪನ್ನಂತೂ ಫ್ರಿಜ್ಜಿನಲ್ಲಿ ಇಡಲೇಬಾರದು. ನಿಮ್ಮ ಮಗನ ಸೋಂಕಿಗೆ ಯಾವುದು ಹೊಂದುತ್ತದೆ ಎಂಬುದನ್ನು ನಿರ್ಧರಿಸಬೇಕಾದವರು ಮಾತ್ರ ವೈದ್ಯರೇ.

ಮರುಪ್ರಶ್ನೆ (ಮೊದಲ ತಾಯಿ): ಮೇಡಂ, ಎರಡು ಡೋಸ್ ಆಯಿತು. ಇಂದು ಬೆಳಿಗ್ಗೆ ಕೊಟ್ಟ ಕೂಡಲೇ ವಾಂತಿ ಮಾಡಿಕೊಂಡಳು. ಮಲವೂ ಸ್ವಲ್ಪ ತೆಳುವಾಗಿದೆ. ನಿಲ್ಲಿಸಿಬಿಡಲೇ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಕೊಟ್ಟ ಅರ್ಧ ಗಂಟೆಯೊಳಗೆ ವಾಂತಿಯಾದರೆ ವೈದ್ಯರು ಸಾಮಾನ್ಯವಾಗಿ ಅದೇ ಡೋಸನ್ನು ಮತ್ತೊಮ್ಮೆ ಕೊಡಲು ಹೇಳುತ್ತಾರೆ, ಒಂದು ಗಂಟೆ ಕಳೆದಿದ್ದರೆ ಬೇಡವೆನ್ನುತ್ತಾರೆ; ಆದರೂ ಒಮ್ಮೆ ಫೋನ್ ಮಾಡಿ ಕೇಳಿಯೇ ಕೊಡಿ. ಎರಡನೆಯ ಸಲವೂ ಕಕ್ಕಿದರೆ ಪದೇ ಪದೇ ಪ್ರಯತ್ನಿಸದೆ ಮಗುವನ್ನು ತೋರಿಸಿ. ಊಟದ ಆರಂಭದಲ್ಲಿ ಕೊಟ್ಟರೆ ಹೊಟ್ಟೆಯ ಕಿರಿಕಿರಿ ಕಡಿಮೆಯಾಗುತ್ತದೆ. ಇಂಥ ತೆಳು ಮಲ ಈ ಔಷಧದಲ್ಲಿ ಸಾಮಾನ್ಯ. ಓಆರ್‌ಎಸ್ ಮತ್ತು ಎಂದಿನ ಆಹಾರ ಮುಂದುವರಿಸಿ. ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ ಅಥವಾ ಮಗು ಮಂಕಾದರೆ ಅಂದೇ ವೈದ್ಯರಲ್ಲಿಗೆ ಹೋಗಿ. ಒಂದು ಡೋಸ್ ಮರೆತರೆ ನೆನಪಾದಾಗ ಕೊಡಬಹುದು, ಆದರೆ ಮುಂದಿನ ಡೋಸ್ ಹತ್ತಿರವಿದ್ದರೆ ಬಿಟ್ಟುಬಿಡಿ. ಎರಡನ್ನೂ ಒಟ್ಟಿಗೆ ಕೊಡಬಾರದು.

ಮೈಮೇಲೆ ದದ್ದು ಕಂಡರೆ ಫೋಟೊ ತೆಗೆದುಕೊಂಡು, ಮುಂದಿನ ಡೋಸಿಗೆ ಮುನ್ನ ವೈದ್ಯರಿಗೆ ತೋರಿಸಿ. ತುಟಿ ಅಥವಾ ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಕಾಯುವ ಪ್ರಶ್ನೆಯೇ ಇಲ್ಲ: ಔಷಧ ನಿಲ್ಲಿಸಿ ತಕ್ಷಣ 108ಕ್ಕೆ ಕರೆ ಮಾಡಿ.

ಮರುಪ್ರಶ್ನೆ: 5 ದಿನದ ನಂತರ 10 ಮಿ.ಲೀ. ಉಳಿಯುತ್ತದಲ್ಲವೇ? ಮುಂದೆ ನೆಗಡಿಯಾದಾಗ ಬೇಕಾಗಬಹುದೇನೋ.

ಉತ್ತರ: ಬೇಡ. ನೆಗಡಿ ಬರುವುದು ವೈರಸ್‌ನಿಂದ, ಅದರ ಮೇಲೆ ಈ ಔಷಧ ಏನೂ ಮಾಡುವುದಿಲ್ಲ. ಅಲ್ಲದೆ ಕಲಸಿದ ಔಷಧ ಅಷ್ಟು ದಿನ ಉಳಿಯುವುದೂ ಇಲ್ಲ. ಲೇಬಲ್ಲಿನ ಮೇಲಿರುವ ಕೆಂಪು ಗೆರೆಯನ್ನು ಗಮನಿಸಿ. ಅಂಥ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಬಳಸಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಿಂದ ಪ್ರಚಾರ ಮಾಡುತ್ತಿದೆ. ಉಳಿದ ಔಷಧವನ್ನು ವಾಪಸು ಪಡೆಯುತ್ತಾರೆಯೇ ಎಂದು ಅಂಗಡಿಯಲ್ಲಿ ಕೇಳಿ. ಪಡೆಯದಿದ್ದರೆ ಬಳಸಿದ ಚಹಾಪುಡಿಯಲ್ಲಿ ಬೆರೆಸಿ, ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ, ಸಿಂಕಿಗೆ ಸುರಿಯಬೇಡಿ. ಮಗನ 457ರ ಬಾಟಲಿಯನ್ನೂ ಇದರ ಪಕ್ಕದಲ್ಲಿ ಇಟ್ಟುಕೊಳ್ಳದೆ ಇವತ್ತೇ ವಿಲೇವಾರಿ ಮಾಡಿಬಿಡಿ.