ಒಂಬತ್ತನೇ ತರಗತಿಗೇ ಮೆಡಿಕಲ್ ಶಿಬಿರ: ಸೇರಿಸೋದಾ, ಬೇಡ್ವಾ?

ತುಮಕೂರು_ಅಮ್ಮ:
ಮಗಳು ಒಂಬತ್ತನೇ ತರಗತಿ, ಸ್ಟೇಟ್ ಸಿಲಬಸ್. ಡಾಕ್ಟರೇ ಆಗ್ತೀನಿ ಅಂತಾಳೆ. ಬೇಸಿಗೆ ರಜೆಗೆ ಒಂದು ಸಂಸ್ಥೆಯವರು ಐದು ದಿನದ ಶಿಬಿರ ಇಟ್ಟಿದ್ದಾರೆ, ಫೀಸು ₹14,000. ಬಿಳಿ ಕೋಟು, ಸ್ಟೆತಸ್ಕೋಪು, ಸರ್ಟಿಫಿಕೇಟು ಎಲ್ಲಾ ಕೊಡ್ತಾರಂತೆ. ಇನ್ನೊಂದು ಕಡೆ ಎರಡು ವರ್ಷದ ನೀಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ಫೌಂಡೇಶನ್ ಕೋಚಿಂಗ್ ಇದೆ. ಸರ್ಟಿಫಿಕೇಟಿಂದ ಮುಂದೆ ಸೀಟಿಗೆ ಏನಾದ್ರೂ ಅನುಕೂಲ ಇದೆಯಾ? ಎರಡರಲ್ಲಿ ಯಾವುದು ವಾಸಿ?

ಅನಾಟಮಿ_ಮೇಷ್ಟ್ರು:
ಸೀಟಿಗೆ ಏನೂ ಅನುಕೂಲ ಇಲ್ಲ ಮೇಡಂ. ನಮ್ಮಲ್ಲಿ ಎಂಬಿಬಿಎಸ್‌ಗೆ ಸಂದರ್ಶನವೇ ಇಲ್ಲ. ನೀಟ್ ರ‍್ಯಾಂಕು, ಮೀಸಲಾತಿ, ಕೌನ್ಸೆಲಿಂಗ್‌ನಲ್ಲಿ ತುಂಬಿದ ಆಯ್ಕೆ, ಇಷ್ಟೇ. ಸರ್ಟಿಫಿಕೇಟು ಯಾರಿಗೆ ತೋರಿಸ್ತೀರಿ? ನಾಲ್ಕೂವರೆ ವರ್ಷ ಓದಿ, ಮೇಲೊಂದು ವರ್ಷ ಇಂಟರ್ನ್‌ಶಿಪ್ ಮಾಡೋ ಈ ದಾರಿ ತನಗೆ ಹಿಡಿಸುತ್ತಾ ಅಂತ ಹುಡುಗಿಗೆ ಗೊತ್ತಾದರೆ ಶಿಬಿರ ಸಾರ್ಥಕ, ಇಲ್ಲಾಂದ್ರೆ ದಂಡ.

ದುಡ್ಡು ಕಟ್ಟೋ ಮುಂಚೆ ದಿನವಾರು ವೇಳಾಪಟ್ಟಿ ಕೇಳಿ. ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತೋ ಪ್ರಥಮ ಚಿಕಿತ್ಸೆ) ಕಲಿಸ್ತಾರೆ ಅಂದ್ರೆ ಒಂದು ಬೊಂಬೆಗೆ ಎಷ್ಟು ಮಕ್ಕಳು? ಪ್ರತಿ ಮಗುವೂ ಎರಡು ನಿಮಿಷ ಬಿಡದೆ ಒತ್ತಬೇಕು, 5–6 ಸೆಂ.ಮೀ. ಆಳ, ನಿಮಿಷಕ್ಕೆ 100–120 ಸಲ. ಹೊಸಬರಿಗೆ ಮೊಣಕೈ ಬಗ್ಗುತ್ತೆ, ಎದೆ ಪೂರ್ತಿ ಮೇಲೇಳೋ ಮೊದಲೇ ಮತ್ತೆ ಒತ್ತಿಬಿಡ್ತಾರೆ. ಎದೆ ಪೂರ್ತಿ ಮೇಲೇಳದಿದ್ರೆ ಹೃದಯಕ್ಕೆ ರಕ್ತ ಸರಿಯಾಗಿ ತುಂಬಲ್ಲ. ಮೂವತ್ತು ಮಕ್ಕಳಿಗೆ ಒಂದೇ ಬೊಂಬೆ ಅಂದ್ರೆ ಇದನ್ನ ತಿದ್ದೋರು ಯಾರು? ಇನ್ನು ‘ರೋಗಿಗಳಿಗೆ ಇಂಜೆಕ್ಷನ್ ಕೊಡೋ ಅಭ್ಯಾಸ’ ಅಂತ ಇದ್ದರೆ ಅಲ್ಲಿಗೇ ಕೈಬಿಡಿ.

ನನ್ನ ಕೇಳಿದ್ರೆ ಮಟನ್ ಅಂಗಡಿಯ ಒಂದು ಕುರಿ ಗುಂಡಿಗೆ ಇಂಥ ಶಿಬಿರಕ್ಕಿಂತ ಜಾಸ್ತಿ ಕಲಿಸುತ್ತೆ. ಸೀಳಬೇಡಿ, ಮೇಲಿನ ನಾಳಗಳನ್ನ ಎರಡು ಮೂರು ಸೆಂ.ಮೀ. ಬಿಟ್ಟು ಕೊಡಿ ಅಂತ ಹಿಂದಿನ ದಿನವೇ ಹೇಳಿಡಿ. ಹೇಳದಿದ್ರೆ ಹೃತ್ಕರ್ಣಗಳನ್ನ (ಮೇಲಿನ ಕೋಣೆಗಳನ್ನ) ಕತ್ತರಿಸಿ ಎಸೆದಿರ್ತಾರೆ. ಗ್ಲೌಸ್ ಹಾಕಿ, ನಲ್ಲಿ ಕೆಳಗೆ ಹೆಪ್ಪುಗಟ್ಟಿದ ರಕ್ತ ತೊಳೀರಿ. ಹಿಸುಕಿ ನೋಡಿದರೆ ಗಟ್ಟಿಯಾಗಿರೋದು ಎಡ ಹೃತ್ಕುಕ್ಷಿ (ಕೆಳಗಿನ ಕೋಣೆ), ತುದಿಯೂ ಅದರದ್ದೇ. ಕೊಯ್ಯೋ ಮೊದಲು ಮಹಾಪಧಮನಿಗೆ (ಮೈಗೆಲ್ಲ ರಕ್ತ ಒಯ್ಯೋ ದೊಡ್ಡ ನಾಳಕ್ಕೆ) ನಿಧಾನವಾಗಿ ನೀರು ಹೊಯ್ದರೆ ಅರ್ಧಚಂದ್ರ ಕವಾಟದ ಮೂರು ಎಸಳುಗಳು ಮುಚ್ಚಿಕೊಂಡು ನೀರು ನಿಲ್ಲುತ್ತೆ. ಆಮೇಲೆ ಶ್ವಾಸಕೋಶದ ಅಪಧಮನಿಯಿಂದ ಬಲ ಹೃತ್ಕುಕ್ಷಿಯ ಕಡೆಗೆ, ಮೊಂಡು ತುದಿ ಒಳಗಿರೋ ಹಾಗೆ ಕತ್ತರಿ ನಡೆಸಿ. ಚೂಪು ತುದಿ ಒಳಗಿದ್ರೆ ಕವಾಟದ ದಾರಗಳು ತುಂಡಾಗಿ ನೋಡೋಕೇ ಏನೂ ಉಳಿಯಲ್ಲ. ಬಲ ಮತ್ತು ಎಡ ಗೋಡೆಯ ದಪ್ಪವನ್ನ ಸ್ಕೇಲಲ್ಲಿ ಅಳೆದು ಬರೆದಿಡಲಿ. ಯಾಕೆ ಅಷ್ಟು ವ್ಯತ್ಯಾಸ ಅಂತ ಅವಳೇ ಹೇಳಲಿ.

ಮನೇಲಿ ಮಾಂಸ ತರೋ ಹಾಗಿಲ್ಲ ಅಂದ್ರೆ ಬೆಂಗಳೂರಿನ ನಿಮ್ಹಾನ್ಸ್ ಮೆದುಳು ಸಂಗ್ರಹಾಲಯಕ್ಕೆ ಕರ್ಕೊಂಡು ಹೋಗಿ. ನಿಜವಾದ ಮೆದುಳನ್ನ ಗ್ಲೌಸ್ ಹಾಕಿ ಮುಟ್ಟಿ ನೋಡೋಕೆ ಬಿಡ್ತಾರೆ. ಮಣಿಪಾಲದ ಕಡೆ ಹೋದರೆ ಅಲ್ಲಿನ ಅಂಗರಚನಾ ಸಂಗ್ರಹಾಲಯವೂ ಸಾರ್ವಜನಿಕರಿಗೆ ತೆರೆದಿರುತ್ತೆ.

ಪಿಯು_ಫಿಸಿಕ್ಸ್:
ಫೌಂಡೇಶನ್ ವಿಷಯ. ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ, 720 ಅಂಕ. ಅದರಲ್ಲಿ ಜೀವಶಾಸ್ತ್ರ 90, ಭೌತಶಾಸ್ತ್ರ 45, ರಸಾಯನಶಾಸ್ತ್ರ 45. ಜೀವಶಾಸ್ತ್ರವನ್ನ ಪಿಯುಸಿಯಲ್ಲಿ ಎನ್‌ಸಿಇಆರ್‌ಟಿ ಪಠ್ಯಪುಸ್ತಕ ಸಾಲು ಸಾಲು ಓದಿ ಹಿಡಿಯಬಹುದು. ಮಕ್ಕಳು ಬೀಳೋದು ಫಿಸಿಕ್ಸ್‌ನಲ್ಲಿ. ಕ್ಯಾಲ್ಕುಲೇಟರ್ ಇಲ್ಲ, ಡಾಕ್ಟರ್‌ಗೆ ಗಣಿತ ಯಾಕೆ ಅಂತ ಹೈಸ್ಕೂಲಿಂದಲೇ ಕಡೆಗಣಿಸಿರ್ತಾರೆ. ತಪ್ಪು ಉತ್ತರಕ್ಕೆ ಒಂದು ಅಂಕ ಬೇರೆ ಹೋಗುತ್ತೆ. ಒಂಬತ್ತು, ಹತ್ತರಲ್ಲಿ ಅನುಪಾತ, ಘಾತಾಂಕ, ತ್ರಿಕೋನಮಿತಿ, ಗ್ರಾಫ್ ಓದೋದು, ಬಾಯಲ್ಲೇ ಲೆಕ್ಕ ಮಾಡೋದು ಗಟ್ಟಿಯಾದರೆ ಅದೇ ಫೌಂಡೇಶನ್. ಈಗಲೇ ಹನ್ನೊಂದನೇ ತರಗತಿ ಪಾಠ ಓಡಿಸೋ ಸೆಂಟರ್ ಆದ್ರೆ ಬೇಡ.

ಸವಾಲು ಬೇಕಿದ್ದರೆ ಎನ್‌ಎಸ್‌ಇಜೆಎಸ್ (ಕಿರಿಯರ ವಿಜ್ಞಾನ ಒಲಿಂಪಿಯಾಡ್‌ನ ಮೊದಲ ಹಂತದ ಪರೀಕ್ಷೆ) ಬರೆಸಿ. ಹತ್ತನೇ ತರಗತಿವರೆಗಿನವರಿಗೆ, ನವೆಂಬರ್‌ನಲ್ಲಿ ನಡೆಯುತ್ತೆ. ಪಿಯುಸಿಗೆ ಬಂದ ಮೇಲೆ ಜೀವಶಾಸ್ತ್ರದ್ದೇ ಎನ್‌ಎಸ್‌ಇಬಿ ಇದೆ. ಬಾಯಿಪಾಠದವರಿಗೆ ಒಗ್ಗದ ಪ್ರಶ್ನೆಗಳು.

ಪಿಎಚ್‌ಸಿ_ಫಾರ್ಮಸಿ:
ಖರ್ಚಿಲ್ಲದ ದಾರಿ ಒಂದಿದೆ. ಹೆಡ್‌ಮಾಸ್ಟರ್ ಪತ್ರ ತಗೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನ ಕೇಳಿ, ಲಸಿಕೆ ದಿನ ನೋಡೋಕೆ. ಫ್ರಿಜ್ಜು ಯಾಕೆ 2–8 ಡಿಗ್ರಿಯಲ್ಲೇ ಇರಬೇಕು, ಲಸಿಕೆ ಬಾಟಲಿ ಮೇಲೆ ಶಾಖ ತಗುಲಿದ್ದನ್ನ ತೋರಿಸೋ ಗುರುತಿನ ಒಳಚೌಕ ಸುತ್ತಲಿನ ವೃತ್ತದಷ್ಟೇ ಕಪ್ಪಾದರೆ ಯಾಕೆ ಎಸೀತಾರೆ, ಬೆರೆಸಿದ ಬಿಸಿಜಿಯನ್ನ (ಕ್ಷಯದ ಲಸಿಕೆ) ನಾಲ್ಕು ಗಂಟೆ ಮೇಲೆ ಯಾಕೆ ಇಡಲ್ಲ, ಇದನ್ನೆಲ್ಲ ಕೇಳಲಿ. ಆಸ್ಪತ್ರೆ ಕಸದಲ್ಲಿ ಹಳದಿ, ಕೆಂಪು ಚೀಲಕ್ಕೆ, ನೀಲಿ ಗುರುತಿನ ಡಬ್ಬಿಗೆ ಯಾವುದು ಹೋಗುತ್ತೆ, ಸೂಜಿಗೆ ಯಾಕೆ ಬೇರೆ ಬಿಳಿ ಡಬ್ಬಿ, ಅದೂ ನೋಡಲಿ. ಫೋಟೋ ತೆಗೆಯೋದು ಬೇಡ, ಯಾರ ಕಾಯಿಲೆ ಏನು ಅಂತ ಊರಲ್ಲಿ ಹೇಳೋದೂ ಬೇಡ. ಸೂಜಿ, ಸಿರಿಂಜು ಮುಟ್ಟಲೇಬಾರದು.

ಲೀಡ್ಸ್_ಕನ್ನಡಿಗ:
ಇಲ್ಲಿ ಬ್ರಿಟನ್ನಿನಲ್ಲಿ ಕಥೆ ಬೇರೆ. ಎ ಲೆವೆಲ್ (ನಮ್ಮ ಪಿಯುಸಿ ಇದ್ದ ಹಾಗೆ), ಯುಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ಜೊತೆ ಸಂದರ್ಶನವೂ ಇರೋದರಿಂದ ‘ನೋಡಿದ್ದರಿಂದ ಏನು ಕಲಿತೆ’ ಅಂತ ಕೇಳ್ತಾರೆ. ಆದರೆ ಕೇರ್ ಹೋಮ್‌ನಲ್ಲಿ ವಾರಾವಾರ ಮುದುಕರಿಗೆ ಊಟ ಮಾಡಿಸಿದ ಅನುಭವವನ್ನೂ ಅಲ್ಲಿ ಹೇಳಬಹುದು. ದುಬಾರಿ ಕೋರ್ಸೇ ಆಗಬೇಕಿಲ್ಲ. ಇಲ್ಲಿನ ಸಲಹೆ ನೋಡಿ ಊರಲ್ಲಿ ಫೀಸು ಕಟ್ಟಬೇಡಿ.

ತುಮಕೂರು_ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಶಿಬಿರ ಬಿಡ್ತೀವಿ. ಒಂದೇ ಅನುಮಾನ: ರಕ್ತ ನೋಡಿದ್ರೆ ಅವಳಿಗೆ ತಲೆ ಸುತ್ತುತ್ತೆ. ಮೆಡಿಕಲ್ ಆಸೆ ಬಿಡಿಸೋದಾ?

ಅನಾಟಮಿ_ಮೇಷ್ಟ್ರು:
ಅದಕ್ಕೆ ಬಿಡಿಸಬೇಡಿ, ಮೊದಲ ವರ್ಷದ ಎಷ್ಟೋ ಮಕ್ಕಳಿಗೆ ಆಗುತ್ತೆ, ರೂಢಿಯಾದ ಹಾಗೆ ಕಡಿಮೆಯಾಗುತ್ತೆ. ರಕ್ತ ಕಂಡಾಗ ಬಿಪಿ, ನಾಡಿ ಎರಡೂ ಇಳಿದು ತಲೆ ಸುತ್ತೋದು. ಖಾಲಿ ಹೊಟ್ಟೆ, ಮಂಡಿ ಬಿಗಿಹಿಡಿದು ನಿಂತೇ ಇರೋದು ಅದನ್ನ ಹೆಚ್ಚಿಸುತ್ತೆ. ಕುಳಿತು ಕೈ, ತೊಡೆ, ಹೊಟ್ಟೆಯ ಸ್ನಾಯುಗಳನ್ನ 10–15 ಸೆಕೆಂಡ್ ಬಿಗಿ ಮಾಡಿ, 20–30 ಸೆಕೆಂಡ್ ಸಡಿಲ ಬಿಡಲಿ, ಹೀಗೆ ಐದು ಸಲ. ಮನೇಲಿ ಅಭ್ಯಾಸ ಮಾಡಿಕೊಂಡು ಆಮೇಲೆ ಗುಂಡಿಗೆ ಕೊಯ್ಯೋಕೆ ಕೂರಲಿ. ರಕ್ತ ಇಲ್ಲದೆಯೂ ಎಚ್ಚರ ತಪ್ಪುತ್ತೆ, ಆಟ ಆಡುವಾಗ ಬೀಳ್ತಾಳೆ ಅಂತಿದ್ರೆ ಮಾತ್ರ ಡಾಕ್ಟರ್ ಹತ್ರ ಇಸಿಜಿ ಮಾಡಿಸಿ.